‘ಹಾರ್ಟ್ ಫೇಲ್’ ಎಂಬ ಮಾತು, ಅಪ್ಪನ ನಿದ್ದೆಗೆಟ್ಟ ರಾತ್ರಿಗಳು

ಪ್ರಶ್ನೆ (ಮಗಳು, ಡೊಂಬಿವಲಿ):
ನಮ್ಮ ತಂದೆಗೆ 64 ವರ್ಷ. ಮಾಟುಂಗಾದ ಹೋಟೆಲೊಂದರಲ್ಲಿ ಜೀವಮಾನವೆಲ್ಲ ದುಡಿದವರು. ಎರಡು ತಿಂಗಳ ಹಿಂದೆ ಎಕೋ ಪರೀಕ್ಷೆ (ಹೃದಯದ ಸ್ಕ್ಯಾನ್) ಮಾಡಿ, ಇ.ಎಫ್. (ಪ್ರತಿ ಬಡಿತಕ್ಕೆ ಹೃದಯ ಹೊರಹಾಕುವ ರಕ್ತದ ಶೇಕಡಾ ಪಾಲು) 30 ಇದೆ, ಇದು ಹಾರ್ಟ್ ಫೇಲ್ಯೂರ್ ಎಂದರು. ಅಂದಿನಿಂದ ಅವರು ಮಾತೇ ಬಿಟ್ಟಂತಿದ್ದಾರೆ. ನಡುರಾತ್ರಿ ಉಸಿರು ಕಟ್ಟಿದಂತಾಗಿ ಎದ್ದು ಕಿಟಕಿಯ ಬಳಿ ಕೂರುತ್ತಾರೆ. ಬಂಧುಗಳೆಲ್ಲ ‘ಇದು ಬರಿಯ ಭಯ, ಧೈರ್ಯ ತಂದುಕೊಳ್ಳಲಿ’ ಎನ್ನುತ್ತಾರೆ. ಇದು ಮನಸ್ಸಿನ ತೊಂದರೆಯೇ?

ಉತ್ತರ (ಹೃದ್ರೋಗ ತಜ್ಞ):
ಮೊದಲು ಉಸಿರಿನ ವಿಷಯ, ಏಕೆಂದರೆ ಅದು ಕಾಯುವಂಥದ್ದಲ್ಲ. ಮಲಗಿದಾಗ ಕಾಲುಗಳಲ್ಲಿ ನಿಂತ ದ್ರವ ಎದೆಯ ಕಡೆಗೆ ಮರಳುತ್ತದೆ. ದುರ್ಬಲ ಹೃದಯಕ್ಕೆ ಅದನ್ನು ಮುಂದೆ ತಳ್ಳಲಾಗದೆ ಶ್ವಾಸಕೋಶದಲ್ಲಿ ನೀರು ತುಂಬತೊಡಗುತ್ತದೆ. ಎದ್ದು ಕೂತರೆ ಹಗುರಾಗುತ್ತದೆ ಎಂದಾದರೆ ಅದನ್ನು ಭಯವೆಂದು ತಳ್ಳಿಹಾಕದೆ ನಾಳೆಯೇ ವೈದ್ಯರಿಗೆ ತಿಳಿಸಿ. ಮೂತ್ರ ಹೆಚ್ಚಿಸುವ ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು. ಕೂತರೂ ಉಸಿರಾಟ ಸುಧಾರಿಸದಿದ್ದರೆ ಅಥವಾ ಎದೆನೋವು ಬಂದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ದಿನವೂ ಬೆಳಿಗ್ಗೆ ಮೂತ್ರವಿಸರ್ಜನೆಯ ನಂತರ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಮೂರು ದಿನಗಳಲ್ಲಿ 2 ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನೀರು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ನಿಲ್ಲಲಿ. ಆದರೆ ವೈದ್ಯರನ್ನು ಕೇಳದೆ ಕಡಿಮೆ ಸೋಡಿಯಂ ಉಪ್ಪಿಗೆ ಬದಲಾಗಬೇಡಿ, ಅದರಲ್ಲಿರುವ ಪೊಟ್ಯಾಸಿಯಂ ಕೆಲವು ಹೃದಯದ ಮಾತ್ರೆಗಳ ಜೊತೆ ಅಪಾಯ ತರುತ್ತದೆ.

ಇನ್ನು ಅವರ ಮೌನ. ನಮ್ಮ ಮಾತಿನಲ್ಲಿ ‘ಹಾರ್ಟ್ ಫೇಲ್ ಆಯಿತು’ ಎಂದರೆ ಮನುಷ್ಯ ಹೋದ ಎಂದೇ ಅರ್ಥ. ಆ ಎರಡು ಪದಗಳನ್ನು ಕೇಳಿಸಿಕೊಂಡು ಬಂದವರು ತಮ್ಮ ಸಾವಿನ ಸುದ್ದಿಯನ್ನೇ ಹೊತ್ತು ಕೂತಿರಬಹುದು. ಹೃದಯ ನಿಂತಿಲ್ಲ, ಪಂಪಿನ ಬಲ ತಗ್ಗಿದೆ ಎಂದು ಅವರಿಗೆ ಬಿಡಿಸಿ ಹೇಳಿ. ಇ.ಎಫ್. 30 ಎಂದರೆ ನೂರಕ್ಕೆ ಮೂವತ್ತು ಪಾಲು ಹೃದಯವಷ್ಟೇ ಉಳಿದಿದೆ ಎಂದಲ್ಲ. ಆರೋಗ್ಯವಂತ ಹೃದಯವೂ ಒಂದು ಬಡಿತಕ್ಕೆ ತುಂಬಿದ ರಕ್ತದಲ್ಲಿ ಸುಮಾರು ಶೇ. 55ರಿಂದ 70ರಷ್ಟನ್ನೇ ಹೊರಹಾಕುತ್ತದೆ. ಔಷಧಗಳಿಂದ ಈ ಅಂಕಿ ಏರಿದವರು ಅನೇಕರಿದ್ದಾರೆ.

ಇಷ್ಟು ತಿಳಿದ ಮೇಲೂ ಯಾವುದರಲ್ಲೂ ಆಸಕ್ತಿಯಿಲ್ಲದೆ ಎರಡು ವಾರ ಕಳೆದರೆ ಖಿನ್ನತೆಯ ತಪಾಸಣೆ ಆಗಲೇಬೇಕು. ಈ ಕಾಯಿಲೆಯವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ. ಸುಸ್ತು, ನಿದ್ರಾಹೀನತೆ ಹೃದಯದ ಕಾಯಿಲೆಯಲ್ಲೂ ಖಿನ್ನತೆಯಲ್ಲೂ ಒಂದೇ ಆದ್ದರಿಂದ ನಾವು ವೈದ್ಯರೂ ಅದನ್ನು ಗುರುತಿಸದೆ ಬಿಡುತ್ತೇವೆ, ಅದು ನನಗೆ ನೋವಿನ ಸಂಗತಿ.

ಮರುಪ್ರಶ್ನೆ:
ಖಿನ್ನತೆಯ ಮಾತ್ರೆ ಹೃದಯಕ್ಕೆ ಹಾನಿಯಲ್ಲವೇ?

ಉತ್ತರ:
ಎಲ್ಲವೂ ಒಂದೇ ಅಲ್ಲ. ಅಮಿಟ್ರಿಪ್ಟಿಲಿನ್‌ನಂತಹ ಹಳೆಯವುಗಳನ್ನು ಸಾಮಾನ್ಯವಾಗಿ ದೂರವಿಡುತ್ತೇವೆ. ಸರ್ಟ್ರಾಲಿನ್ ಎಂಬ ಹೊಸ ಬಗೆಯ ಮಾತ್ರೆ ಹೃದಯ ವೈಫಲ್ಯದವರ ಮೇಲಿನ ಒಂದು ವೈದ್ಯಕೀಯ ಪ್ರಯೋಗದಲ್ಲಿ ಸುರಕ್ಷಿತವೆಂದು ಕಂಡಿದೆ, ಆದರೆ ಆ ಪ್ರಯೋಗದಲ್ಲಿ ಅದು ಖಿನ್ನತೆಗೆ ಔಷಧವಿಲ್ಲದ ಹುಸಿಮಾತ್ರೆಗಿಂತ ಹೆಚ್ಚಿನ ಗುಣ ತೋರಲಿಲ್ಲ. ಆದ್ದರಿಂದ ಆಪ್ತಸಮಾಲೋಚನೆಗೆ, ವೈದ್ಯರ ಒಪ್ಪಿಗೆಯ ದಿನನಿತ್ಯದ ನಡಿಗೆಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ರಾತ್ರಿಯೆಲ್ಲ ತಂದೆಯೊಡನೆ ಎಚ್ಚರವಿರುವ ನೀವೂ ಆ ಸಂಖ್ಯೆಗೆ ಕರೆ ಮಾಡಬಹುದು.