ಪದಚರ್ಚೆ: ‘ಕ್ಲೈಮೇಟ್ ಎಮರ್ಜೆನ್ಸಿ’ಗೆ ಏನನ್ನೋಣ? (ನಾಳೆ ಬೆಳಿಗ್ಗೆ ಪ್ರಿಂಟಿಗೆ)

ಬೆಂಗಳೂರಿನಿಂದ

ಗೆಳೆಯರೇ, ಸ್ವಲ್ಪ ಅರ್ಜೆಂಟು. ಲೈಬ್ರರಿಯೊಂದರಲ್ಲಿ ಪರಿಸರದ ಪ್ರದರ್ಶನ ಇದೆ. ಹನ್ನೆರಡು ಫಲಕಗಳ ಅನುವಾದ ನನ್ನ ತಲೆಗೆ ಬಂದಿದೆ. ಹನ್ನೊಂದು ಮುಗಿದವು. ಹನ್ನೆರಡನೆಯದು ಮಾತ್ರ ಕೂತಲ್ಲೇ ಕೂತಿದೆ. 2019ರ ಮೇ 1ರಂದು ಬ್ರಿಟನ್ ಸಂಸತ್ತಿನಲ್ಲಿ ನಡೆದದ್ದರ ಬಗ್ಗೆ ಅದು. ನಾನು ಬರೆದಿದ್ದು ಹೀಗೆ:

“ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಆಗ್ರಹಕ್ಕೆ ಮಣಿದು ಬ್ರಿಟನ್ ಸರ್ಕಾರ ಹವಾಮಾನ ತುರ್ತು ಪರಿಸ್ಥಿತಿ ಘೋಷಣೆ ಮಾಡಿತು.”

ಅಮ್ಮನಿಗೆ ಓದಿ ಹೇಳಿದೆ. “ಅಯ್ಯೋ, ಅಲ್ಲೂ ಪೇಪರಿನವರನ್ನೆಲ್ಲ ಜೈಲಿಗೆ ಹಾಕಿದ್ರಾ?” ಅಂದರು. ಅಲ್ಲಿಂದ ಈ ಪದ ನೋಡಿದರೆ ನನಗೂ 1975 ಕಾಣಿಸ್ತಾ ಇದೆ. ಬೇರೆ ಏನಾದರೂ ಇದೆಯಾ? ಫಲಕ ಚಿಕ್ಕದು, ಇಪ್ಪತ್ತೈದು ಪದ ಮೀರುವ ಹಾಗಿಲ್ಲ.

ಮೈಸೂರಿನಿಂದ

ಮೊದಲು ‘ಹವಾಮಾನ’ ತೆಗೆಯಿರಿ. ಇವತ್ತು ಮಳೆ ಬರುತ್ತದೆಯೋ ಇಲ್ಲವೋ ಅನ್ನುವುದು ಹವಾಮಾನ. ಹತ್ತಾರು ವರ್ಷದ ಸರಾಸರಿ ನೋಡಿ ಹೇಳುವುದು ವಾಯುಗುಣ. ಭೂಗೋಳದ ಪಠ್ಯದಲ್ಲಿ ‘ಭಾರತದ ವಾಯುಗುಣ’ ಎಂದೇ ಪಾಠ ಮಾಡಿದ್ದೇವೆ. ಪತ್ರಿಕೆಯವರು ಎರಡನ್ನೂ ಕಲಸಿಬಿಟ್ಟರು. ಮೇಲಾಗಿ ಹವಾ + ಮಾನ ಶುದ್ಧ ಅರಿಸಮಾಸ. ಇಂಥ ಪದ ಗೋಡೆಗೆ ಅಂಟಿಸಿ ಮಕ್ಕಳಿಗೆ ಕಲಿಸಬೇಡಿ.

ಮಂಗಳೂರಿನಿಂದ

ಮೇಷ್ಟ್ರು ಹೇಳಿದ ವ್ಯತ್ಯಾಸ ಸರಿ. ಆದರೆ ಡೆಸ್ಕಿನಲ್ಲಿ ಕೂತವರಿಗೆ ‘ಹವಾಮಾನ ಬದಲಾವಣೆ’ ಎಂದೋ ನೆಲೆ ನಿಂತ ಪದ. ಓದುಗರೂ ಅದನ್ನೇ ಹುಡುಕ್ತಾರೆ. ನನ್ನ ತಕರಾರು ಬೇರೆ. ಹವಾಮಾನದ ಪಕ್ಕ ‘ತುರ್ತು’ ಬಂದರೆ ನಮ್ಮ ಕಡೆ ಅದು ಹವಾಮಾನ ಇಲಾಖೆಯ ರೆಡ್ ಅಲರ್ಟ್. ಜುಲೈ ತಿಂಗಳಲ್ಲಿ ಈ ಫಲಕ ಹಾಕಿದರೆ “ನಾಳೆ ಶಾಲೆಗೆ ರಜೆ ಉಂಟಾ?” ಅಂತ ಮಕ್ಕಳು ಕೇಳ್ತಾರೆ.

ಇನ್ನೊಂದು. ಪದ ಬಿಡಿ, ನಿಮ್ಮ ವಾಕ್ಯವೇ ತಪ್ಪು ಮೇಡಂ. ಸರ್ಕಾರ ಏನೂ ಘೋಷಿಸಲಿಲ್ಲ. ಆವತ್ತು ಕಾಮನ್ಸ್ ಸಭೆಯಲ್ಲಿ, ಅಂದರೆ ಅಲ್ಲಿನ ಕೆಳಮನೆಯಲ್ಲಿ, ವಿರೋಧ ಪಕ್ಷಕ್ಕೆ ಮೀಸಲಾದ ದಿನ. ಕಾರ್ಬಿನ್ ಮಂಡಿಸಿದ್ದನ್ನು ಸಭೆ ಒಪ್ಪಿತು, ಅಷ್ಟೆ. ಪರಿಸರ ಸಚಿವ ಮೈಕಲ್ ಗೋವ್ ಎದ್ದು, ಇದು ತುರ್ತೇ ಹೌದು ಅಂತ ಒಪ್ಪಿಕೊಂಡರು. ಆದರೆ ಸರ್ಕಾರ ತಾನಾಗಿ ಸಾರಲಿಲ್ಲ. ಆ ನಿರ್ಣಯಕ್ಕೆ ಕಾನೂನಿನ ಬಲವೂ ಇರಲಿಲ್ಲ. ‘ಮಣಿದು’ ಅನ್ನೋದು ನಿಮ್ಮ ಸ್ವಂತದ ಸೇರ್ಪಡೆ.

ಧಾರವಾಡದಿಂದ

ಮೈಸೂರಿನ ಹಿರಿಯರಿಗೆ ನಮಸ್ಕಾರ. ಅರಿಸಮಾಸ ಅಂದರ ಕನ್ನಡಕ್ಕೂ ಸಂಸ್ಕೃತಕ್ಕೂ ಕೂಡಿಸಿದ್ದರ ಮಾತಲ್ಲೇನ್ರೀ? ‘ಹವಾ’ ಅರಬ್ಬಿ. ಹಳೇ ವ್ಯಾಕರಣಕಾರ ಕೇಶಿರಾಜ ಅರಬ್ಬಿಗೆ ಸೂತ್ರ ಬರೆದಿಲ್ಲ. ಬರೆದ ಕಡೆಗೂ ಬಿರುದಾವಳಿಗೆ, ಹಳೇ ಕವಿಗಳ ಪ್ರಯೋಗಕ್ಕೆ ರಿಯಾಯಿತಿ ಕೊಟ್ಟಾನ.

ನನ್ನ ಕಣ್ಣು ಕುಕ್ಕಿದ್ದು ‘ಘೋಷಣೆ’. ಕನ್ನಡದಾಗ ಘೋಷಣೆ ಕೂಗ್ತಾರ, ಧಿಕ್ಕಾರ ಅಂತಾರ. ‘ತುರ್ತು ಪರಿಸ್ಥಿತಿ ಘೋಷಣೆ’ ಅಂದರ ಬೀದಿಯೊಳಗ ಕೂಗಿದ್ದೋ ಸಭಾದೊಳಗ ಸಾರಿದ್ದೋ? ‘ಸಾರಿತು’ ಅನ್ನಿ, ಮುಗೀತು. ಡಂಗುರ ಸಾರಿದ ಭಾಷೆ ನಮ್ಮದು. ‘ಆಗ್ರಹ’ಕ್ಕೂ ಹಳೇ ಕನ್ನಡಿಗರ ಕಿವಿಯೊಳಗ ಸಿಟ್ಟು ಅಂತನ ಅರ್ಥ. ಕಾರ್ಬಿನ್ನಗ ಸಿಟ್ಟು ಬಂದಿರಬಹುದು, ಅದು ಬೇರೆ ಮಾತು. ಇನ್ನ ‘ನಿರ್ಣಯ’ಕ್ಕ ‘ಗೊತ್ತುವಳಿ’ ಅನ್ನೋ ಚಂದದ ಪದ ಐತಿ. ವಿಧಾನಸಭೆಯೊಳಗ ಇವತ್ತಿಗೂ ‘ನಿಲುವಳಿ ಸೂಚನೆ’ ಅಂತಾರ. ಅದರ ಅಣ್ಣ ಇದು. ಯಾಕ ಬಿಟ್ಟಿರಿ?

ಹಾಸನದಿಂದ

ಎಲ್ಲರೂ ಎರವಲು ಪದಗಳನ್ನೇ ತೂಗುತ್ತಿದ್ದೀರಿ. ವಾಯುಗುಣ ಸಂಸ್ಕ್ರುತ, ಹವಾಮಾನ ಅರ್ದ ಅರಬ್ಬಿ. ‘ಗಾಳಿಪಾಡು’ ಅಂದರೆ ಏನು ಕಶ್ಟ? ಪಾಡು ಅಂದರೆ ಇರುವ ಬಗೆ, ಪಡುವ ಬವಣೆ ಎರಡೂ ಬರುತ್ತವೆ. ಇವತ್ತಿನ ಗಾಳಿಗೆ ಎರಡೂ ಒಪ್ಪುತ್ತವೆ. ಎಮರ್ಜೆನ್ಸಿಗೆ ‘ಬಿಕ್ಕಟ್ಟು’. ಬಿಗಿ ಮತ್ತು ಕಟ್ಟು ಸೇರಿ ಆದದ್ದು ಅಂತ ನನ್ನ ಎಣಿಕೆ. ‘ಗಾಳಿಪಾಡಿನ ಬಿಕ್ಕಟ್ಟು’. ಎರಡೇ ಪದ, ಪಲಕದಲ್ಲೂ ಹಿಡಿಸುತ್ತದೆ.

ಮೈಸೂರಿನಿಂದ

‘ಪಲಕ’, ‘ಕಶ್ಟ’, ‘ಅರ್ದ’. ಇದಕ್ಕೆ ಉತ್ತರ ಬರೆಯುವುದಿಲ್ಲ.

ಹಾಸನದಿಂದ

ಬರೆದೇ ಬಿಟ್ಟಿರಲ್ಲ ಸರ್.

ಮಂಗಳೂರಿನಿಂದ

ಬಿಕ್ಕಟ್ಟು ಬೇಡ. ಅದು ಕ್ರೈಸಿಸ್. 2019ರ ಮೇ ತಿಂಗಳಲ್ಲೇ ಗಾರ್ಡಿಯನ್ ಪತ್ರಿಕೆ ತನ್ನ ವರದಿಗಾರರಿಗೆ ಹೊಸ ಸೂಚನೆ ಕೊಟ್ಟಿತು. ‘ಕ್ಲೈಮೇಟ್ ಚೇಂಜ್’ ಅನ್ನುವ ಬದಲು ಎಮರ್ಜೆನ್ಸಿ, ಕ್ರೈಸಿಸ್ ಅಥವಾ ಬ್ರೇಕ್‌ಡೌನ್ ಬಳಸಿ ಅಂತ. ಮೂರನ್ನೂ ಬೇರೆ ಬೇರೆಯಾಗಿಯೇ ಪಟ್ಟಿ ಮಾಡಿದ್ದಾರೆ. ಆ ವರ್ಷ ಆಕ್ಸ್‌ಫರ್ಡ್ ನಿಘಂಟಿನವರು ‘ಕ್ಲೈಮೇಟ್ ಎಮರ್ಜೆನ್ಸಿ’ಯನ್ನೇ ವರ್ಷದ ಪದ ಅಂತ ಆರಿಸಿದರು. ಅದಕ್ಕೂ ಬಿಕ್ಕಟ್ಟು, ಇದಕ್ಕೂ ಬಿಕ್ಕಟ್ಟು ಅಂದರೆ ಅನುವಾದ ಮಾಡುವುದಾದರೂ ಯಾಕೆ? ಮತ್ತೆ ‘ಬಿಗಿ + ಕಟ್ಟು’ ಅನ್ನೋದು ಎಣಿಕೆ ಅಂದರೆ ಎಣಿಕೆಯಾಗಿಯೇ ಇರಲಿ.

ಅಂದಹಾಗೆ, ಪರಿಸರದ ಪ್ರದರ್ಶನವನ್ನು ಫ್ಲೆಕ್ಸಿನಲ್ಲಿ ಪ್ರಿಂಟ್ ಹಾಕಿಸ್ತಾ ಇಲ್ಲ ತಾನೇ?

ಬೆಂಗಳೂರಿನಿಂದ

ಬಟ್ಟೆ ಸರ್, ಬಟ್ಟೆ. ದಯವಿಟ್ಟು ಪದಕ್ಕೆ ಬನ್ನಿ. ವಾಕ್ಯದ ತಪ್ಪು ಒಪ್ಪಿದೆ, ‘ಮಣಿದು’ ಹೋಯ್ತು. ‘ಧ್ವನಿಮತ’ ಅಂತ ಹಾಕಬಹುದಾ?

ಮೈಸೂರಿನಿಂದ

ವಾಯುಗುಣ ಹಾಕಿ. ಆಮೇಲೆ ಉಳಿದದ್ದು. ಪರಭಾಷೆಯ ಕಸವನ್ನೆಲ್ಲ ಬಾಗಿಲು ತೆರೆದು ಒಳಗೆ ಬಿಟ್ಟುಕೊಂಡು, ಕನ್ನಡ ಹೋಗುತ್ತಿದೆ ಎಂದು ನವೆಂಬರಿನಲ್ಲಿ ಅಳುವುದು ಬೇಡ.

ಧಾರವಾಡದಿಂದ

ಕಸ ಅನಬ್ಯಾಡ್ರಿ ಮೇಷ್ಟ್ರೇ. ತಮ್ಮ ಪಿಂಚಣಿ ಇಂಗ್ಲಿಷು, ಅದು ಬರೋ ಖಜಾನೆ ಅರಬ್ಬಿ, ಕೊಡೋ ಸರ್ಕಾರ ಪಾರ್ಸಿ. ತಿಂಗಳಾ ತಿಂಗಳಾ ಆ ಕಸ ತಗೋತೀರಲ್ಲ? ‘ತುರ್ತು’ಗೂ ಮರಾಠಿಯ ‘ತೂರ್ತ’ಕ್ಕೂ ನಂಟೈತಿ. ಅದನ್ನೂ ಗುಡಿಸಿ ಹಾಕಿದರ ಫಲಕದ ಮ್ಯಾಲೆ ತಾರೀಖು ಒಂದೇ ಉಳೀತೈತಿ. ಹಂಗ ನೋಡಿದರ ತಾರೀಖೂ ಅರಬ್ಬಿನ.

ಲಂಡನ್ ಹತ್ತಿರದಿಂದ

ತಡವಾಗಿ ಬಂದೆ, ಕೆಲಸದಲ್ಲಿದ್ದೆ. ಆಗ ನಾನು ಇಲ್ಲೇ ಇದ್ದೆ. ಆ ಪದ ಇಲ್ಲಿ ಜನರ ಕಿವಿಗೆ ಹೇಗೆ ಬಿತ್ತು ಅಂತ ಹೇಳಿದರೆ ಉಪಯೋಗ ಆಗಬಹುದು.

ಏಪ್ರಿಲಿನಲ್ಲಿ ಎಕ್ಸ್‌ಟಿಂಕ್ಷನ್ ರೆಬೆಲಿಯನ್ ಅನ್ನೋ ಪರಿಸರ ಹೋರಾಟದ ಗುಂಪಿನವರು ವಾಟರ್ಲೂ ಸೇತುವೆ ಮೇಲೆ ಕೂತುಬಿಟ್ಟಿದ್ದರು. ಆಕ್ಸ್‌ಫರ್ಡ್ ಸರ್ಕಸ್ ನಡುವೆ ಒಂದು ಗುಲಾಬಿ ಬಣ್ಣದ ದೋಣಿ. ನಾನು ಬಸ್ಸು ಬಿಟ್ಟು ನಡೆದಿದ್ದೇ ನಡೆದಿದ್ದು. ಸ್ವೀಡನ್ನಿನ ಪರಿಸರ ಹೋರಾಟಗಾರ್ತಿ ಹುಡುಗಿ ಗ್ರೆಟಾ ಥನ್‌ಬರ್ಗ್ ಬಂದು ಸಂಸದರ ಮುಂದೆ ಮಾತಾಡಿದಳು. ಸ್ಕಾಟ್ಲೆಂಡ್, ವೇಲ್ಸ್ ಎರಡೂ ಸರ್ಕಾರಗಳು ಏಪ್ರಿಲ್ ಕೊನೆಗೆ ಎಮರ್ಜೆನ್ಸಿ ಸಾರಿಬಿಟ್ಟವು. ಎರಡು ದಿನ ಕಳೆದು ಕಾರ್ಬಿನ್ ಗೊತ್ತುವಳಿ. ಜೂನಿನಲ್ಲಿ ತೆರೇಸಾ ಮೇ ಸರ್ಕಾರ 2008ರ ಕಾಯ್ದೆಯಲ್ಲಿದ್ದ, ಹಸಿರುಮನೆ ಅನಿಲ ಶೇ. 80 ತಗ್ಗಿಸೋ ಗುರಿಯನ್ನು ಅಳಿಸಿ, 2050ಕ್ಕೆ ನೆಟ್ ಝೀರೋ (ಬಿಟ್ಟಷ್ಟನ್ನೂ ಹೀರಿಕೊಂಡು ಲೆಕ್ಕ ಸೊನ್ನೆ) ಅಂತ ಬರೆಯಿತು. ಅದಕ್ಕೆ ಕಾರಣ ಈ ಗೊತ್ತುವಳಿ ಅಂತ ನಾನು ಹೇಳಲ್ಲ. ಸರ್ಕಾರದ ಸಲಹಾ ಸಮಿತಿ ಮೇ 2ರಂದೇ ಅದನ್ನು ಶಿಫಾರಸು ಮಾಡಿತ್ತು.

ಈಗ ಪದ. ಇಲ್ಲಿಯವರಿಗೆ ‘ಎಮರ್ಜೆನ್ಸಿ’ ಅಂದಾಗ ನೆನಪಾಗೋದು ಆಂಬುಲೆನ್ಸು. 999ಕ್ಕೆ ಫೋನು. ಜೈಲು ಅಲ್ಲ, ಸೆನ್ಸಾರ್ ಅಲ್ಲ. ರೋಗಿ ಬಂದಿದ್ದಾನೆ, ಬೇರೆ ಕೆಲಸ ಬಿಟ್ಟು ಇವನನ್ನು ನೋಡಿ ಅನ್ನೋ ಅರ್ಥ. ನಮ್ಮ ಆಸ್ಪತ್ರೆಗಳ ಬೋರ್ಡು ನೆನಪು ಮಾಡಿಕೊಳ್ಳಿ: ‘ತುರ್ತು ಚಿಕಿತ್ಸೆ’. ಅಲ್ಲಿ ಪರಿಸ್ಥಿತಿ ಇಲ್ಲ! 1975 ಕೂತಿರೋದು ‘ಪರಿಸ್ಥಿತಿ’ಯಲ್ಲಿ. ‘ತುರ್ತು’ ಬಡಪಾಯಿ, ಅದರದ್ದೇನೂ ತಪ್ಪಿಲ್ಲ. ಅಮ್ಮ ಬೆಂಗಳೂರಿನವರು ಅಂದಮೇಲೆ ಅವರಿಗೆ ಅದು ಪುಸ್ತಕದ ಮಾತಲ್ಲ. ವಾಜಪೇಯಿ, ಆಡ್ವಾಣಿ ಇದ್ದ ಜೈಲು ಇವತ್ತಿನ ಫ್ರೀಡಂ ಪಾರ್ಕು. ಪರಿಸ್ಥಿತಿಯನ್ನು ಕಿತ್ತುಹಾಕಿ.

ಧ್ವನಿಮತ ಸರಿಯಾಗಿದೆ. ಸ್ಪೀಕರ್ ಕೇಳಿದರು, ಮತ ಎಣಿಸಲೇಬೇಕು ಅಂತ ಯಾರೂ ಪಟ್ಟು ಹಿಡಿಯಲಿಲ್ಲ. ಸರ್ಕಾರದ ಪಕ್ಷಕ್ಕೆ ಇದಕ್ಕೆ ‘ಬೇಡ’ ಅಂತ ದಾಖಲೆ ಮಾಡಿಸಿಕೊಳ್ಳೋ ಧೈರ್ಯ ಇರಲಿಲ್ಲ ಅನ್ನೋದು ನನ್ನ ಅನಿಸಿಕೆ. ಫಲಕಕ್ಕೆ ಬೇಡ.

ಮಂಗಳೂರಿನಿಂದ

ಇದು ಸರಿ ಹೋಯ್ತು. ‘ಹವಾಮಾನ ತುರ್ತು’. ಸಿಂಗಲ್ ಕಾಲಮ್ಮಿಗೂ ಹಿಡಿಸುತ್ತದೆ. ರೆಡ್ ಅಲರ್ಟ್ ವಾಸನೆ ಹೋಗಲಿಲ್ಲ, ಅದೊಂದೇ.

ಹಾಸನದಿಂದ

‘ಗಾಳಿಪಾಡಿನ ತುರ್ತು’ ಅಂದರೆ ಆ ವಾಸನೆಯೂ ಇಲ್ಲ. ಯಾರೂ ಕೇಳಲ್ಲ ಅಂತ ಗೊತ್ತು.

ಬೆಂಗಳೂರಿನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಳಿಸಿದ್ದು ಇದು:

“2019ರ ಮೇ 1: ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಮಂಡಿಸಿದ ಗೊತ್ತುವಳಿಗೆ ಬ್ರಿಟನ್ ಸಂಸತ್ತಿನ ಕೆಳಮನೆ ಧ್ವನಿಮತದಲ್ಲಿ ಒಪ್ಪಿತು. ಪರಿಸರಕ್ಕೂ ವಾಯುಗುಣಕ್ಕೂ ತುರ್ತು ಒದಗಿದೆ ಎಂದು ಸಾರಿತು.”

ಮೇಷ್ಟ್ರ ವಾಯುಗುಣ ಇಟ್ಟಿದ್ದೇನೆ, ಮಂಗಳೂರಿನ ಮಕ್ಕಳ ರಜೆಯ ದೃಷ್ಟಿಯಿಂದ. ಅಮ್ಮನಿಗೆ ಓದಿದೆ. “ಯಾರಿಗೆ ಹುಷಾರಿಲ್ಲ?” ಅಂದರು. ಅಲ್ಲಿಗೆ ಗೆದ್ದೆ ಅಂದುಕೊಂಡೆ.

ಮೈಸೂರಿನಿಂದ

‘ಗೊತ್ತುವಳಿಗೆ ಒಪ್ಪಿತು’ ಅಲ್ಲ, ‘ಗೊತ್ತುವಳಿಯನ್ನು ಒಪ್ಪಿತು’. ದ್ವಿತೀಯಾ ವಿಭಕ್ತಿ.

ಬೆಂಗಳೂರಿನಿಂದ

ಪ್ರಿಂಟಾಯ್ತು ಸರ್.