ಹೂವಿನ ಡಬ್ಬಿಗೆ ಪೆಲ್ಟಿಯರ್ ಹಾಕಿದ್ದೇನೆ, ಬ್ಯಾಟರಿ ನಿಲ್ಲುತ್ತಿಲ್ಲ

ಮಂಡ್ಯ_ವೈರ್‌ಮನ್
ಅಮ್ಮ ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿ ಗುಡಿ ಹತ್ತಿರ ತಳ್ಳುಗಾಡಿಯಲ್ಲಿ ಹೂ ಮಾರುತ್ತಾರೆ. ಏಪ್ರಿಲ್ ಬಿಸಿಲಿಗೆ ಮಲ್ಲಿಗೆ ಮಧ್ಯಾಹ್ನಕ್ಕೇ ಕಂದಿಹೋಗುತ್ತದೆ. ಅದಕ್ಕೆ ಥರ್ಮಾಕೋಲ್ ಡಬ್ಬಿಗೆ ಟಿಇಸಿ1-12706 ಪೆಲ್ಟಿಯರ್ ಬಿಲ್ಲೆ (ಕರೆಂಟ್ ಕೊಟ್ಟರೆ ಒಂದು ಮುಖ ತಣ್ಣಗೆ, ಇನ್ನೊಂದು ಮುಖ ಬಿಸಿ ಆಗುವಂಥದ್ದು) ಕೂರಿಸಿದೆ. ಹೊರಗಡೆ ಹೀಟ್‌ಸಿಂಕ್, ಫ್ಯಾನ್. ಥರ್ಮೋಸ್ಟ್ಯಾಟ್ ರಿಲೇ 16 ಡಿಗ್ರಿಗೆ ಆಫ್ ಮಾಡುತ್ತದೆ. ಬಿಲ್ಲೆ 4 ಆಂಪಿಯರ್ ಎಳೆಯುತ್ತದೆ. 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಎರಡೂವರೆ ಗಂಟೆಗೆ ಮಲಗುತ್ತದೆ.

ಅಮ್ಮನದು ಒಂದೇ ಮಾತು: "ಒದ್ದೆ ಗೋಣಿತಾಟೇ ವಾಸಿ ಕಣ್ ಮಗ, ಅದು ಬ್ಯಾಟ್ರಿ ಕೇಳಲ್ಲ." ಮರ್ಯಾದೆ ಪ್ರಶ್ನೆ, ಯಾರಾದರೂ ದಾರಿ ಹೇಳಿ.

ಬೆಸುಗೆ_ಕಡ್ಡಿ
ರಿಲೇ ಕಿತ್ತಾಕಿ ಗುರು. ಮೋಟಾರ್ ಸ್ಪೀಡ್ ಕಂಟ್ರೋಲರ್ ಸಿಗುತ್ತಲ್ಲ, ಪಿಡಬ್ಲ್ಯುಎಂ ಇರೋದು, ಅಂದ್ರೆ ಕರೆಂಟನ್ನು ಪಟಪಟ ಆನ್-ಆಫ್ ಮಾಡೋದು, ಅದನ್ನು ಅರ್ಧಕ್ಕಿಡಿ. ಮುಗೀತು.

ಮೈಸೂರು_ಮೇಷ್ಟ್ರು
ರಿಲೇ ವಿಷಯ ಸರಿ. ಬರೀ ಪಿಡಬ್ಲ್ಯುಎಂ ಬೇಡ.

ಬಿಲ್ಲೆ ಎಳೆದು ಹೊರಹಾಕುವ ಶಾಖ ಕರೆಂಟ್ ಏರಿದಷ್ಟೇ ಏರುತ್ತದೆ. ಅದರೊಳಗೇ ಹುಟ್ಟುವ ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅದರಲ್ಲಿ ಅರ್ಧ ತಣ್ಣಗಿನ ಕಡೆಗೇ ಬರುತ್ತದೆ. ಬಿಲ್ಲೆಯ ರೋಧ ಸುಮಾರು 2 ಓಮ್. 4 ಆಂಪಿಯರ್‌ಗೆ 32 ವಾಟ್ ಶಾಖ, 2 ಆಂಪಿಯರ್‌ಗೆ ಬರೀ 8. ಎಳೆಯೋದು ಅರ್ಧ ಆಯ್ತು, ಬಿಸಿ ಕಾಲು ಭಾಗಕ್ಕಿಳಿಯಿತು. ಲಾಭ ಅಲ್ವಾ? ಪಿಡಬ್ಲ್ಯುಎಂನಲ್ಲಿ ಅರ್ಧ ಹೊತ್ತು 4, ಅರ್ಧ ಹೊತ್ತು ಸೊನ್ನೆ. ಸರಾಸರಿ 2 ಆದರೂ ಶಾಖ 16 ವಾಟ್.

ರಿಲೇಯದು ಇನ್ನೊಂದು ತಾಪತ್ರಯ. ಬಿಲ್ಲೆ ಸುಮಾರು 4 ಮಿಲಿಮೀಟರ್ ದಪ್ಪ ಅಷ್ಟೇ. ಆಫ್ ಆದ ಕೂಡಲೇ ಹೀಟ್‌ಸಿಂಕಿನ ಬಿಸಿ ಅದರ ಮೂಲಕವೇ ಡಬ್ಬಿಗೆ ವಾಪಸ್ ಇಳಿಯುತ್ತದೆ. ಕೊಡದಲ್ಲಿ ತೂತು ಇಟ್ಟುಕೊಂಡು ನೀರು ತುಂಬಿದ ಹಾಗೆ.

ಕರೆಂಟ್ ಸೆಟ್ ಮಾಡುವ ಸ್ಕ್ರೂ ಇರುವ ಎಕ್ಸ್‌ಎಲ್4015 ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಬೋರ್ಡ್) ಹಾಕಿ. ಕಾಯಿಲ್, ಕೆಪಾಸಿಟರ್ ಇರುವುದರಿಂದ ನಯವಾದ ಡಿಸಿ ಬರುತ್ತದೆ. 2 ಆಂಪಿಯರ್‌ಗೆ ಬಿಲ್ಲೆಗೆ ಐದಾರು ವೋಲ್ಟ್ ಸಾಕು, ಬ್ಯಾಟರಿಯಿಂದ ಹೋಗುವುದು 1 ಆಂಪಿಯರ್ ಆಸುಪಾಸು. ಫ್ಯಾನ್ ಮಾತ್ರ ನೇರ 12 ವೋಲ್ಟ್‌ಗೆ ಕೊಡಿ.

ಅಮ್ಮನ ಗೋಣಿತಾಟನ್ನು ತಮಾಷೆ ಮಾಡಬೇಡಿ. ಫ್ಯಾನ್ ಗಾಳಿ ಎಳೆಯುವ ಕಡೆ ಒಂದು ಗೇಣು ದೂರದಲ್ಲಿ ನೇತುಹಾಕಿ. ಹೀಟ್‌ಸಿಂಕ್ ತಣ್ಣಗಾದಷ್ಟೂ ಬಿಲ್ಲೆಗೆ ಕೆಲಸ ಹಗುರ. ವೈರಿಗೆ ನೀರು ತೊಟ್ಟಿಕ್ಕದ ಹಾಗೆ ನೋಡಿಕೊಳ್ಳಿ.

ಬೆಸುಗೆ_ಕಡ್ಡಿ
ನನ್ನ ಬಿಯರ್ ಡಬ್ಬಿ ಯಾಕೆ ಬೆಚ್ಚಗಿತ್ತು ಅಂತ ಈಗ ಗೊತ್ತಾಯ್ತು.

ಮಂಡ್ಯ_ವೈರ್‌ಮನ್
ನಾಲ್ಕು ದಿನ ಓಡಿಸಿದೆ. 2 ಆಂಪಿಯರ್‌ಗೆ ಒಳಗೆ 18 ಡಿಗ್ರಿಗೆ ನಿಂತಿತು, ಹೂವಿಗೆ ಅಡ್ಡಿಯಿಲ್ಲ. ಬ್ಯಾಟರಿ ಹತ್ತಿರ ಹತ್ತಿರ ಐದು ಗಂಟೆ ಬಂತು. ಗೋಣಿತಾಟು ಕಟ್ಟಿದ ಮೇಲೆ 17. ಈಗ ಅಮ್ಮ ಪಕ್ಕದ ಗಾಡಿಯವರಿಗೆಲ್ಲ ಡಬ್ಬಿ ತಣ್ಣಗಿರೋದೇ ತಾಟಿನಿಂದ ಅಂತ ಹೇಳುತ್ತಿದ್ದಾರೆ.

ಮೇಷ್ಟ್ರೇ, ಬೆಳಗ್ಗೆ ತಂಪು ಹೊತ್ತಲ್ಲಿ ಕರೆಂಟ್ ತಾನಾಗೇ ಇಳಿಯುವ ಹಾಗೆ ಮಾಡಬಹುದಾ?

ಮೈಸೂರು_ಮೇಷ್ಟ್ರು
ಹಳೇ ಥರ್ಮೋಸ್ಟ್ಯಾಟ್ ಇದೆಯಲ್ಲ, ಬಿಸಾಡಬೇಡಿ. ಅದರ ರಿಲೇ ಬಿಲ್ಲೆಯನ್ನು ಆಫ್ ಮಾಡುವ ಬದಲು, 1 ಆಂಪಿಯರ್‌ಗೆ ಸೆಟ್ ಮಾಡಿದ ಇನ್ನೊಂದು ಕನ್ವರ್ಟರ್‌ಗೆ ಬದಲಾಯಿಸಲಿ. ಆರ್ಡುಯಿನೋ (ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಬೋರ್ಡ್), ಕೋಡ್ ಎಲ್ಲ ಆಮೇಲೆ ನೋಡೋಣ.