ಹಳೇ ಟ್ಯಾಬ್‌ನಲ್ಲಿ ವಿಡಿಯೋ ತಡವರಿಸುತ್ತೆ, ಸೆಟ್ಟಿಂಗ್ ಏನಿಡಲಿ?

ಪ್ರಶ್ನೆ: ನನ್ನದು ಏಳಿಂಚಿನ ಹಳೇ ಟ್ಯಾಬ್, ಪರದೆ 1024×600. ಮಗಳ ನೃತ್ಯದ ರೆಕಾರ್ಡಿಂಗನ್ನು ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಪರಿವರ್ತನೆ ಸಾಫ್ಟ್‌ವೇರ್‌ನಲ್ಲಿ 1080ಪಿ, ಎಚ್.265 (ವಿಡಿಯೋ ಕುಗ್ಗಿಸೋ ಒಂದು ವಿಧಾನ), 10 ಬಿಟ್ (ಬಣ್ಣದ ಸೂಕ್ಷ್ಮತೆ) ಅಂತ ಎನ್‌ಕೋಡ್ ಮಾಡಿದೆ. ಫೈಲ್ ಪುಟಾಣಿಯಾಗಿ ಬಂತು, ಖುಷಿಪಟ್ಟೆ. ಟ್ಯಾಬ್‌ಗೆ ಹಾಕಿದ್ರೆ ಹಾಡು ಮುಂದೆ, ಹೆಜ್ಜೆ ಹಿಂದೆ! ಹತ್ತೇ ನಿಮಿಷಕ್ಕೆ ಟ್ಯಾಬ್ ಬೆನ್ನು ಕಾದ ಕಾವಲಿ. ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋದು) ಅರ್ಧಕ್ಕಿಳಿಸಿದ್ರೂ ಅದೇ ಕಥೆ.

ಉತ್ತರ 1: ಬಿಟ್‌ರೇಟ್ ಪಾಪ ಏನು ಮಾಡಿತು ಸ್ವಾಮಿ? ನಿಮ್ಮ ಟ್ಯಾಬ್‌ನ ವಿಡಿಯೋ ಬಿಡಿಸಿ ತೋರಿಸೋ ಡಿಕೋಡರ್ ಚಿಪ್‌ಗೆ 10 ಬಿಟ್ ಎಚ್.265 ಗೊತ್ತಿರಲಿಕ್ಕಿಲ್ಲ. ಆಗ ಪೂರ್ತಿ ಹೊರೆ ಪ್ರೊಸೆಸರ್ ತಲೆಗೆ ಬೀಳುತ್ತೆ, ಬಿಸಿಯಾಗೋದು ಅದಕ್ಕೇ. ಅದಕ್ಕಿಂತ ಹಳೇ ವಿಧಾನ ಎಚ್.264, 8 ಬಿಟ್, ಮೇನ್ ಪ್ರೊಫೈಲ್ (ಯಾವ ತಂತ್ರಗಳನ್ನು ಬಳಸಬಹುದು ಅನ್ನೋ ಪಟ್ಟಿ), ಲೆವೆಲ್ (ಗಾತ್ರ, ವೇಗದ ಮಿತಿ) 3.1 ಇಡಿ. ಗಾತ್ರ 1024×576 ಸಾಕು, ಪರದೆಯಲ್ಲಿ ಇಲ್ಲದ ಪಿಕ್ಸೆಲ್ ಯಾರಿಗೆ ಬೇಕು? ಆರ್‌ಎಫ್ (ಗುಣಮಟ್ಟದ ಅಂಕಿ) 21ರಿಂದ ಶುರು ಮಾಡಿ; ಅಂಕಿ ಇಳಿದಷ್ಟೂ ಚಿತ್ರ ಚೆನ್ನ, ಫೈಲ್ ದಪ್ಪ. ಆಡಿಯೋ ಎಎಸಿ ಸ್ಟೀರಿಯೋ, 128 ಕೆಬಿಪಿಎಸ್.

ಉತ್ತರ 2: ಬೇಸ್‌ಲೈನ್ ಪ್ರೊಫೈಲ್ ಇಟ್ಟುಬಿಡಿ, ಎಲ್ಲದರಲ್ಲೂ ಓಡುತ್ತೆ.

ಉತ್ತರ 1: ಓಡುತ್ತೆ ನಿಜ. ಆದ್ರೆ ಅದರಲ್ಲಿ ಫೈಲ್ ಕುಗ್ಗಿಸೋ ತಂತ್ರಗಳಾದ ಬಿ-ಫ್ರೇಮೂ ಇಲ್ಲ, ಕ್ಯಾಬ್ಯಾಕೂ ಇಲ್ಲ. ಅದೇ ಗುಣಮಟ್ಟಕ್ಕೆ ಫೈಲ್ ಊದಿಕೊಳ್ಳುತ್ತೆ. ಮೇನ್ ಕೈಕೊಟ್ರೆ ಮಾತ್ರ ನೋಡಿ. ಮೊದಲು ಒಂದು ನಿಮಿಷದ ತುಣುಕು ಪರೀಕ್ಷಿಸಿ, ಅದೂ ಜಾಸ್ತಿ ಓಡಾಟ ಇರೋ ಭಾಗ.

ಪ್ರಶ್ನೆ ಕೇಳಿದವರು: ಅವಳು ಗಿರಗಿರ ತಿರುಗೋ ಭಾಗವನ್ನೇ ಹಾಕಿ ನೋಡಿದೆ. ಗೆಜ್ಜೆ, ಹೆಜ್ಜೆ ಜೊತೆಜೊತೆಗೆ! ಹಿಂದಿನ ಕಪ್ಪು ಪರದೆಯಲ್ಲಿ ಸ್ವಲ್ಪ ಚೌಕ ಚೌಕ ಕಾಣಿಸ್ತು, ಆರ್‌ಎಫ್ 19 ಮಾಡಿದ್ಮೇಲೆ ಹೋಯ್ತು. ಮೂಲ ಫೈಲ್ ಅಳಿಸಿರಲಿಲ್ಲ, ಪುಣ್ಯ.